ಹೆಬ್ಬೆಟ್ಟು ಒಪ್ಪದ ಬ್ಯಾಂಕು

ನವೆಂಬರ್ 3, ಸೋಮವಾರ

ಗೊಬ್ಬರದ ಅಂಗಡಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ ಇದು. ಹತ್ತು ತಿಂಗಳಿಂದ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ತೆಗೆದೆ. ಇವತ್ತು ನಾನು ಹತ್ತು ಜನ ಹೆಂಗಸರಿಗೆ ಸುಳ್ಳು ಹೇಳಿದ್ದೇನೆ. ನಿಜವನ್ನು ಎಲ್ಲಾದರೂ ಒಂದು ಕಡೆ ಹೇಳದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಸುಳ್ಳು ಇದು: ಸಾಗರದ ಬ್ಯಾಂಕಿನಲ್ಲಿ ಸರ್ವರ್ ಇರಲಿಲ್ಲ.

ನಿಜ ಏನೆಂದರೆ ನಾನು ಬ್ಯಾಂಕಿನ ಒಳಗೆ ಹೋಗಲೇ ಇಲ್ಲ. ಬಾಗಿಲಿನವರೆಗೆ ಹೋದೆ. ಗಾಜಿನ ಬಾಗಿಲು. ಒಳಗಿನವರಿಗೆ ನಾನು ಕಾಣುತ್ತಿದ್ದೆ, ನನಗೆ ಅವರು ಕಾಣುತ್ತಿದ್ದರು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯವರು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯಲಿಲ್ಲ. ತಳ್ಳಿದೆ, ಬರಲಿಲ್ಲ. ಒಬ್ಬ ಹುಡುಗಿ ತಲೆಯೆತ್ತಿ ನೋಡಿದಳು. ಅಷ್ಟೇ, ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದು, ಒಂದು ಚಾ ಕುಡಿದು, ನಮ್ಮೂರ ಕಡೆಗೆ ಹೋಗುವ ಬಟ್ಟೆಮಲ್ಲಪ್ಪದ ಬಸ್ಸು ಹತ್ತಿದೆ. ನಲವತ್ತೆಂಟು ವರ್ಷದ ಹೆಂಗಸು, ಅಡಿಕೆ ಸುಲಿಯುವ ಕಣದಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ, ಒಂದು ಬಾಗಿಲಿಗೆ ಹೆದರಿ ಓಡಿ ಬಂದೆ. ಥೂ.

ಯಾಕೆ ಹೋಗಿದ್ದೆ ಎಂದೂ ಬರೆದಿಡುತ್ತೇನೆ. ಇಷ್ಟು ವರ್ಷ ನಾವು ಹನ್ನೊಂದು ಜನ ಸುಲಿಯುತ್ತಿದ್ದುದು ಮೇಸ್ತ್ರಿ ಗುತ್ಯಪ್ಪನ ಕೈಕೆಳಗೆ. ಯಾರು ಬರಬೇಕು, ಯಾರು ಬರಬಾರದು ಎಲ್ಲ ಅವನ ಮರ್ಜಿ. ಈ ಸಲ ಬೆಳೆಗಾರರ ಸೊಸೈಟಿಯವರೇ ಒಂದು ಕಣ ಮಾಡುತ್ತಿದ್ದಾರೆ. ಎರಡನೇ ಕೊಯ್ಲಿನ ಸುಲಿತವನ್ನು ಮಹಿಳಾ ಸಂಘಕ್ಕೆ ನೇರವಾಗಿ ಕೊಡುತ್ತಾರಂತೆ. ಸೊಸೈಟಿಯ ಕಾರ್ಯದರ್ಶಿ ಕೃಷ್ಣಪ್ರಸಾದ ಭಟ್ಟರು ಹೇಳಿದ್ದು ಒಂದೇ ಮಾತು: "ಸಂಘದ ಹೆಸ್ರಲ್ಲಿ ಬ್ಯಾಂಕ್ ಖಾತೆ ಬೇಕು ಬಂಗಾರಮ್ಮ. ಇಪ್ಪತ್ತೊಂಬತ್ತನೇ ತಾರೀಕಿನ ಒಳಗೆ ಪಾಸ್‌ಬುಕ್ ತನ್ನಿ. ಇಲ್ದಿದ್ರೆ ಕಮಿಟಿಯವ್ರು ಗುತ್ಯಪ್ಪನಿಗೇ ಕೊಡ್ತಾರೆ, ಆಮೇಲೆ ನಂಗೆ ಎಂತ ಮಾಡಕ್ಕೂ ಬರದಿಲ್ಲ."

ಗುತ್ಯಪ್ಪನಿಗೇ ಹೋದರೆ ಹುಚ್ಚಮ್ಮನಿಗೆ ಕೆಲಸ ಇಲ್ಲ. ಕೈ ನಿಧಾನ ಆಗಿದೆ, ಮುಂದಿನ ಕೊಯ್ಲಿಗೆ ಬರಬೇಡ ಎಂದು ಅವಳಿಗೆ ಆಗಲೇ ಹೇಳಿಬಿಟ್ಟಿದ್ದಾನೆ. ನನಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕಾಲಿಡಲು ಕಲಿಸಿದವಳು ಹುಚ್ಚಮ್ಮ. ಅವಳ ಮುಖ ನೋಡಿಕೊಂಡೇ ಇವತ್ತು "ಸರ್ವರ್ ಇರಲಿಲ್ಲ" ಎಂದೆ.

ನವೆಂಬರ್ 5, ಬುಧವಾರ

ಇವತ್ತು ಹುಚ್ಚಮ್ಮನನ್ನೂ ಕರೆದುಕೊಂಡು ಹೋದೆ. ನಾನು ಸಂಘದ ಅಧ್ಯಕ್ಷೆ, ಅವಳು ಕಾರ್ಯದರ್ಶಿ. ಖಾತೆಗೆ ಇಬ್ಬರೂ ಬೇಕು. ಬಾಗಿಲು ಎಳೆಯಬೇಕಿತ್ತು.

ಹುಚ್ಚಮ್ಮ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟಳು. ಅವಳನ್ನು ನೋಡಿ ನಾನೂ ಬಿಟ್ಟೆ. ನೆಲ ಅಷ್ಟು ಹೊಳೆಯುತ್ತಿದ್ದರೆ ಯಾರು ತಾನೇ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆ? ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಚಪ್ಪಲಿ, ಬೂಟು. ಕಾವಲಿನವನು "ಅಮ್ಮಾ, ಇದು ದೇವಸ್ಥಾನ ಅಲ್ಲ" ಎಂದು ನಕ್ಕ. ವಾಪಸು ಹೋಗಿ ಹಾಕಿಕೊಂಡು ಬರುವುದು ಇನ್ನೂ ಅವಮಾನ ಎನ್ನಿಸಿ ಬರಿಗಾಲಲ್ಲೇ ನಿಂತೆವು. ಎಷ್ಟು ಹೊತ್ತು ಎಂದರೆ ಎರಡು ಗಂಟೆ. ಚೀಟಿ ತೆಗೆದುಕೊಳ್ಳಬೇಕು, ಅದರ ನಂಬರು ಗೋಡೆಯ ಮೇಲೆ ಬರುತ್ತದೆ ಎಂದು ನಮಗೇನು ಕನಸು ಬಿದ್ದಿತ್ತೇ? ನಮ್ಮ ಹಿಂದೆ ಬಂದವರೆಲ್ಲ ಕೆಲಸ ಮುಗಿಸಿಕೊಂಡು ಹೋದರು. ಕುರ್ಚಿಗಳು ಖಾಲಿ ಇದ್ದವು, ಕೂರಲು ಧೈರ್ಯ ಬರಲಿಲ್ಲ. ಸೀರೆಯ ಸೆರಗಿನೊಳಗೆ ಕೈ ಮುಚ್ಚಿಕೊಂಡು ಗೋಡೆಗೆ ಒರಗಿದ್ದೆ. ಸುಲಿತದ ಕಾಲದಲ್ಲಿ ಅಡಿಕೆಯ ಚೊಗರಿಗೆ ನಮ್ಮ ಕೈ ಎಷ್ಟು ಕಪ್ಪಾಗಿರುತ್ತದೆ ಎಂದು ನಮ್ಮೂರಲ್ಲಿ ಯಾರೂ ನೋಡುವುದಿಲ್ಲ. ಅಲ್ಲಿ ನೋಡುತ್ತಾರೆ.

ಪೋಸ್ಟಾಫೀಸಾದರೆ ಹೀಗಿಲ್ಲ. ಪೋಸ್ಟ್ ಮಾಸ್ಟರು ನಮ್ಮ ಹಿತ್ತಲಿಂದ ಬಾಳೆಎಲೆ ಕೊಯ್ದುಕೊಂಡು ಹೋಗುವವರು.

ಕೊನೆಗೆ ನಿಶಾಂತ್ ಎಂಬ ಹುಡುಗ ಕರೆದ. ಮೈಸೂರು ಕಡೆಯವನಂತೆ. ಕೆಟ್ಟವನಲ್ಲ. ಅರ್ಜಿ ಕೊಟ್ಟ, ಏನೇನು ಕಾಗದ ಬೇಕು ಎಂದು ಹೇಳಿದ. ನಾನು ಎಲ್ಲದಕ್ಕೂ ಹೂಂ ಹೂಂ ಎಂದೆ. ಹೊರಗೆ ಬಂದ ಮೇಲೆ ಹುಚ್ಚಮ್ಮ ಕೇಳಿದಳು, "ಎಂತ ಅಂದ ಮಾರಾಯ್ತಿ?" ನನಗೆ ಅರ್ಧ ನೆನಪಿರಲಿಲ್ಲ.

ನವೆಂಬರ್ 11, ಮಂಗಳವಾರ

ಕಾಗದವೆಲ್ಲ ಸರಿಯಾಗಿತ್ತು. ನಡಾವಳಿ, ಫೋಟೋ, ಆಧಾರ್, ಎಲ್ಲ. ನಾನು ಚೆಂದ ಮಾಡಿ ಸಹಿ ಹಾಕಲು ಪೆನ್ನು ಕೂಡ ಒಯ್ದಿದ್ದೆ. ನಿಶಾಂತ್ ಒಂದು ಸಣ್ಣ ಮೆಷಿನ್ನು ಮುಂದೆ ಸರಿಸಿ, "ಹೆಬ್ಬೆಟ್ಟು ಇಡಿ ಅಮ್ಮಾ" ಎಂದ.

ಹುಚ್ಚಮ್ಮನಿಗೆ ಸಿಟ್ಟೇ ಬಂತು. ಸಾಕ್ಷರತಾ ಆಂದೋಲನದ ಕಾಲದಲ್ಲಿ, ಮೂರು ತಿಂಗಳು ಲಾಟೀನಿನ ಮುಂದೆ ಕೂತು ಹೆಸರು ಬರೆಯಲು ಕಲಿತವಳು ಅವಳು. ಅಂದಿನಿಂದ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ. "ನಂಗೆ ಸಹಿ ಬರ್ತದೆ" ಎಂದಳು. "ಅದು ಆಮೇಲೆ ಅಜ್ಜಿ, ಮೊದಲು ಇದು" ಎಂದ. ಕಲಿತವರ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಕೇಳುತ್ತಾರೆ ಎಂದರೆ ನಾವು ಕಲಿತದ್ದಾದರೂ ಯಾತಕ್ಕೆ?

ಇಟ್ಟೆವು. ಕೆಂಪು ದೀಪ ಹತ್ತಿತು. ಒರೆಸಿ ಇಟ್ಟೆವು. ಕೆಂಪು. ಬಲಗೈ, ಎಡಗೈ, ಹತ್ತೂ ಬೆರಳು. ಮೆಷಿನ್ನು ಕೀಂ ಕೀಂ ಎನ್ನುವುದು, ಇಡೀ ಬ್ಯಾಂಕು ತಿರುಗಿ ನೋಡುವುದು. "ಫಿಂಗರ್ ಮ್ಯಾಚ್ ಆಗ್ತಿಲ್ಲ. ಸಿಸ್ಟಮ್ ತಗೊಳಲ್ಲ. ಕೈ ಏನು ಹಿಂಗಾಗಿದೆ?" ಎಂದ. ಹಿಂದೆ ನಿಂತಿದ್ದ ಒಬ್ಬ ಹೆಂಗಸು ತನ್ನ ಪರ್ಸನ್ನು ಆ ಕಡೆಗೆ ಸರಿಸಿಕೊಂಡಳು. ಸುಮ್ಮನೆ ಸರಿಸಿದ್ದಿರಬಹುದು. ನನಗೆ ಹಾಗೆ ಅನ್ನಿಸಲಿಲ್ಲ.

ಆಧಾರಿಗೆ ಜೋಡಿಸಿದ ಫೋನ್ ನಂಬರಿಗೆ ಮೆಸೇಜು ಬಂದರೂ ಆಗುತ್ತದಂತೆ. ನಮ್ಮಿಬ್ಬರ ಆ ನಂಬರೂ ಹಳೆಯದು, ಈಗ ಯಾರದೋ ಪಾಲಾಗಿದೆ. ಅದನ್ನು ಬದಲಾಯಿಸಲು ಆಧಾರ್ ಆಫೀಸಿಗೆ ಹೋದೆವು. ಅಲ್ಲಿಯವನು ಏನು ಕೇಳಿದ ಗೊತ್ತೇ? ಹೆಬ್ಬೆಟ್ಟು.

ನವೆಂಬರ್ 12

ಕೆಲಸಕ್ಕೆ ಹೋದೆ. ಕತ್ತಲಾಗುವ ತನಕ ಸುಲಿದು ಮನೆಗೆ ಬಂದೆ.

ನವೆಂಬರ್ 15, ಶನಿವಾರ

ನಿನ್ನೆ ಮೊನ್ನೆ ಎರಡೂ ದಿನ ನಾನು, ಹುಚ್ಚಮ್ಮ ಕೆಲಸಕ್ಕೆ ರಜೆ ಹಾಕಿ ಕೈ ತೊಳೆದೆವು. ನಗಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಕಪ್ಪು ಹೋದರೆ ಮೆಷಿನ್ನಿಗೆ ಗೆರೆ ಕಾಣುತ್ತದೆ ಎಂದು ಹುಚ್ಚಮ್ಮನ ಲೆಕ್ಕಾಚಾರ. ನನಗೂ ಸರಿ ಎನ್ನಿಸಿತು.

ಮೊದಲು ಲಿಂಬೆಹುಳಿ, ಉಪ್ಪು. ಆಮೇಲೆ ಹುಣಸೆಹುಳಿ ಮತ್ತು ಒಲೆಬೂದಿ. ಸಂಜೆಗೆ ಸುಲಿತ ಮುಗಿಸಿ ಉಳಿದವರೂ ಬಂದರು, ಒಬ್ಬೊಬ್ಬಳದು ಒಂದೊಂದು ಮದ್ದು. ಒಬ್ಬಳು ಸೀಮೆಎಣ್ಣೆ ತಂದಳು, ಇನ್ನೊಬ್ಬಳು ಕಕ್ಕಸಿಗೆ ಹಾಕುವ ಬ್ಲೀಚಿಂಗ್ ಪುಡಿ. ಹಿಮ್ಮಡಿ ಉಜ್ಜುವ ಕಲ್ಲಿನಲ್ಲಿ ಹುಚ್ಚಮ್ಮ ನನ್ನ ಹೆಬ್ಬೆರಳನ್ನು ಪಾತ್ರೆ ಬೆಳಗಿದಂತೆ ಬೆಳಗಿದಳು. ಉರಿಯೋ ಉರಿ. ಮನೆಯವರು ಜಗಲಿಯಿಂದ ಇಣುಕಿ, "ಮದ್ವೆ ಯಾರಿಗೆ?" ಎಂದು ಕೇಳಿದರು.

ಕಪ್ಪು ಮುಕ್ಕಾಲು ಹೋಗಿದೆ. ಬೆರಳ ತುದಿ ಮಗುವಿನ ಕೆನ್ನೆಯ ಹಾಗೆ ಕೆಂಪಾಗಿ ನುಣುಪಾಗಿದೆ. ಸೋಮವಾರ ಆ ಮೆಷಿನ್ನಿಗೆ ತೋರಿಸುತ್ತೇವೆ.

ನವೆಂಬರ್ 17, ಸೋಮವಾರ

ಗೆರೆಗಳೇ ಇಲ್ಲ!

ಅಷ್ಟೋ ಇಷ್ಟೋ ಇದ್ದದ್ದನ್ನೂ ನಾವೇ ಉಜ್ಜಿ ತೆಗೆದಿದ್ದೇವೆ. ನಿಶಾಂತ್ ನಮ್ಮ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಮಾಡ್ಕೊಂಡ್ರಿ ಅಮ್ಮಾ?" ಎಂದ. ಹೇಳಿದೆವು. ಅವನಿಗೆ ನಗು ಬಂದರೂ ನಗಲಿಲ್ಲ, ಅದಕ್ಕೆ ಅವನ ಮೇಲೆ ಸ್ವಲ್ಪ ಪ್ರೀತಿ. "ಎರಡು ತಿಂಗಳು ಕೆಲಸ ಬಿಟ್ಟು ಕೈಗೆ ರೆಸ್ಟ್ ಕೊಡಿ. ಗೆರೆ ಬಂದ ಮೇಲೆ ಬನ್ನಿ" ಎಂದ.

ಕೆಲಸ ಮಾಡಲಿಕ್ಕೆ ಖಾತೆ ಬೇಕು. ಖಾತೆ ಬೇಕಾದರೆ ಕೆಲಸ ಬಿಡಬೇಕು. ಬಸ್ಸಿನಲ್ಲಿ ಹುಚ್ಚಮ್ಮ ಇದನ್ನೇ ಮೂರು ಸಲ ಹೇಳಿ ಹೇಳಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಇಪ್ಪತ್ತೊಂಬತ್ತಕ್ಕೆ ಇನ್ನು ಹನ್ನೆರಡು ದಿನ.

ನವೆಂಬರ್ 20, ಗುರುವಾರ

ಗುತ್ಯಪ್ಪ ಮನೆಗೇ ಬಂದಿದ್ದ. ಎಲೆಅಡಿಕೆ ತಟ್ಟೆ ಮುಂದಿಟ್ಟೆ, ಮನೆಗೆ ಬಂದವರಿಗೆ ಇಡದೆ ಆಗುತ್ತದೆಯೇ. ಅವನಿಗೆ ಬ್ಯಾಂಕಿನ ಕತೆಯೆಲ್ಲ ಗೊತ್ತಾಗಿದೆ.

"ಬ್ಯಾಂಕು ಗೀಂಕು ನಿಮ್ಮ ಕೈಲಾಗೋ ಕೆಲ್ಸ ಅಲ್ಲ ಬಂಗಾರಕ್ಕ," ಎಂದ. "ಸಂಘ ನಿಮ್ದೇ ಇರ್ಲಿ. ಖಾತೆ ನಂದು ಅದೆಯಲ್ಲ, ಅದ್ನೇ ತೋರ್ಸನ. ಹುಚ್ಚಮ್ಮನ್ನೂ ಬಿಡದಿಲ್ಲ. ಒಂದು ಮೂಲೇಲಿ ಕೂತ್ಕಂಡು ಆದಷ್ಟು ಸುಲೀಲಿ."

ಸತ್ಯ ಬರೆಯುತ್ತೇನೆ, ನನಗೆ ಹಾಯೆನ್ನಿಸಿತು. ಇನ್ನು ಆ ಬ್ಯಾಂಕಿಗೆ ಹೋಗುವುದು ಬೇಡ, ಆ ಕೀಂ ಕೀಂ ಕೇಳುವುದು ಬೇಡ. ಹುಚ್ಚಮ್ಮನಿಗೂ ಕೆಲಸ ಉಳಿಯುತ್ತದೆ. ನಾಳೆ ಹೇಳುತ್ತೇನೆ ಎಂದು ಕಳಿಸಿ, ನೇರ ಹುಚ್ಚಮ್ಮನ ಮನೆಗೆ ಹೋದೆ.

ಅವಳು ಮೀನು ಹೆಚ್ಚುತ್ತಿದ್ದಳು. ಪೂರ್ತಿ ಕೇಳಿದಳು. ಕತ್ತಿ ಕೆಳಗಿಟ್ಟು ಹೇಳಿದಳು: "ಮೂಲೇಲಿ ಕೂರಕ್ಕೆ ನಾ ಎಂತ ಮುರುಕು ಬುಟ್ಟಿಯಾ? ನಿಂಗೆ ಹೆದ್ರಿಕೆ ಆದ್ರೆ ಹೆದ್ರಿಕೆ ಅನ್ನು. ನನ್ನ ಹೆಸ್ರು ಹೇಳಿ ಹಿಂದೆ ಸರಿಬ್ಯಾಡ ಬಂಗಾರಿ."

ಬಂಗಾರಿ ಎಂದು ನನ್ನನ್ನು ಈಗ ಕರೆಯುವವಳು ಅವಳೊಬ್ಬಳೇ. ಎರಡು ಮೀನು ಇಸಿದುಕೊಂಡು ಮನೆಗೆ ಬಂದೆ.

ನವೆಂಬರ್ 21

ಗುತ್ಯಪ್ಪನಿಗೆ ಆಗುವುದಿಲ್ಲ ಎಂದೆ. "ನೋಡನ" ಎಂದ. ನೋಡೋಣ.

ನವೆಂಬರ್ 23, ಭಾನುವಾರ

ಸಂಘದ ಸಭೆ. ಒಬ್ಬಿಬ್ಬರಿಗೆ ನನ್ನ ಮೇಲೆ ಗುಮಾನಿ. "ನಿಜವಾಗ್ಲೂ ಬ್ಯಾಂಕಲ್ಲಿ ಆಗದಿಲ್ಲ ಅಂದ್ರಾ, ಇಲ್ಲ ನೀ ಗುತ್ಯಪ್ಪನ ಜತೆ ಎಂತಾದ್ರೂ ಮಾತಾಡ್ಕಂಡ್ಯಾ?" ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಮೈ ಉರಿಯಿತು. ಆದರೆ ಮೂರನೇ ತಾರೀಕಿನ ನನ್ನ ಸುಳ್ಳು ನನಗೆ ಗೊತ್ತಲ್ಲ, ಹಾಗಾಗಿ ಬಾಯಿ ಮಾಡಲಾಗಲಿಲ್ಲ. ಅಲ್ಲೇ ಎಲ್ಲರೆದುರು ಒಪ್ಪಿಕೊಂಡೆ. ಮೊದಲ ದಿನ ಸರ್ವರ್ ಇತ್ತು, ಧೈರ್ಯ ಇರಲಿಲ್ಲ ಎಂದೆ. ಹುಚ್ಚಮ್ಮ, "ನಂಗೆ ಆವತ್ತೇ ಗೊತ್ತಿತ್ತು" ಎಂದಳು.

ಈಗ ನನ್ನ ಬಾಯಿಮಾತನ್ನು ಅವರು ಯಾಕೆ ನಂಬಬೇಕು? ಬ್ಯಾಂಕಿನವರ ಕೈಯಲ್ಲಿ ಒಂದು ಕಾಗದ ಬರೆಸಿಕೊಂಡು ಬರುತ್ತೇನೆ ಎಂದು ಹೇಳಿದ್ದೇನೆ. ಇಂಥ ಕಾರಣಕ್ಕೆ ಆಗುವುದಿಲ್ಲ ಎಂದು ಸೀಲು ಹಾಕಿ ಕೊಡಲಿ. ಅದನ್ನು ಓದಿ ಹೇಳಿದರೆ ನನ್ನ ಮಾನವಾದರೂ ಉಳಿಯುತ್ತದೆ.

ನವೆಂಬರ್ 25, ಮಂಗಳವಾರ

ಇವತ್ತಿನದ್ದನ್ನು ಒಂದೂ ಬಿಡದೆ ಬರೆಯಬೇಕು.

ಬಸ್ಸು ತಡ. ಬ್ಯಾಂಕಿನಲ್ಲಿ ಜಾತ್ರೆ. ಒಬ್ಬ ಅಜ್ಜ ಚೀಟಿ ಕೊಡುವ ಮೆಷಿನ್ನಿನ ಮುಂದೆ ಕೈಮುಗಿದ ಹಾಗೆ ನಿಂತಿದ್ದ. ಒತ್ತಿ ತೆಗೆದುಕೊಟ್ಟೆ. ನಮ್ಮದೂ ತೆಗೆದುಕೊಂಡೆ. ಹುಚ್ಚಮ್ಮನಿಗೆ ಕಾಲುನೋವು, ಇಬ್ಬರೂ ಫ್ಯಾನಿನ ಕೆಳಗೆ ಕೂತೆವು. ನಂಬರು ಬಂತು.

ನಿಶಾಂತ್ ನಮ್ಮನ್ನು ನೋಡಿದೊಡನೆ, "ಅಮ್ಮಾ, ಆವತ್ತೇ ಹೇಳಿದ್ನಲ್ಲ. ಮ್ಯಾಚ್ ಆಗದೆ ನಾನೇನೂ ಮಾಡಕ್ಕಾಗಲ್ಲ" ಎಂದ.

"ಗೊತ್ತು ತಮ್ಮಾ. ಖಾತೆ ಕೇಳಕ್ಕೆ ಬರ್ಲಿಲ್ಲ. ಆಗದಿಲ್ಲ ಅಂತ ಒಂದು ಹಾಳೇಲಿ ಬರ್ದು ಕೊಡಿ, ಸಾಕು."

"ಏನಂತ ಬರೀಲಿ?"

"ಬಂಗಾರಮ್ಮ, ಹುಚ್ಚಮ್ಮ ಅಡಿಕೆ ಸುಲೀತಾರೆ. ಸುಲ್ದು ಸುಲ್ದು ಕೈ ಸವ್ದದೆ. ಅದ್ಕೆ ಅವ್ರ ಸಂಘಕ್ಕೆ ಬ್ಯಾಂಕಲ್ಲಿ ಖಾತೆ ಕೊಡದಿಲ್ಲ. ಹಿಂಗೇ ಬರೀರಿ. ಕೆಳಗೆ ನಿಮ್ಮ ಸಹಿ, ಬ್ಯಾಂಕಿನ ಸೀಲು."

ಅವನ ಕೈ ಪೆನ್ನಿನವರೆಗೆ ಹೋಗಿ ನಿಂತಿತು. "ಹಂಗೆಲ್ಲ ಬರ್ಕೊಡಕ್ಕಾಗಲ್ಲಮ್ಮ."

"ಯಾಕೆ? ನೀವು ಬಾಯಲ್ಲಿ ಹೇಳಿದ್ದೇ ತಾನೆ?"

"ಬಾಯಲ್ಲಿ ಹೇಳೋದು ಬೇರೆ, ಬರ್ಕೊಡೋದು ಬೇರೆ."

ನಾನು ಯಾವ ಕುಯುಕ್ತಿಯನ್ನೂ ಮಾಡಿಕೊಂಡು ಹೋಗಿರಲಿಲ್ಲ, ದೇವರಾಣೆ. ನನಗೆ ಆ ಕಾಗದ ನಿಜವಾಗಿಯೂ ಬೇಕಿತ್ತು. ಆದರೆ ಆ ಹುಡುಗನ ಮುಖ ಬಿಳಚಿಕೊಂಡದ್ದನ್ನು ನೋಡಿದೊಡನೆ ನನಗೆ ಅರ್ಥವಾಯಿತು. ಬರೆಯಲು ನಾಚಿಕೆಯಾಗುವ ಮಾತನ್ನು ಇವರು ಇಷ್ಟು ದಿನ ನಮಗೆ ಹೇಳಿ ಕಳಿಸುತ್ತಿದ್ದರು. ಎಲ್ಲಿತ್ತೋ ನನ್ನ ಗಂಟಲು, ಕಣದಲ್ಲಿ ಕೂಗುವ ಗಂಟಲೇ ಬಂತು.

"ಹಂಗಾರೆ ದೊಡ್ಡ ಸಾಹೇಬ್ರನ್ನ ಕರೀರಿ. ಅವ್ರು ಬರ್ಕೊಡ್ಲಿ. ಬರ್ಕೊಡೋ ತನ್ಕ ನಾವು ಇಲ್ಲಿಂದ ಏಳದಿಲ್ಲ."

ಇಡೀ ಬ್ಯಾಂಕು ತಿರುಗಿ ನೋಡಿತು. ನೋಡಲಿ. ನಾನು ಎರಡೂ ಕೈಯನ್ನು ಕೌಂಟರಿನ ಮೇಲೆ ಇಟ್ಟುಕೊಂಡೇ ಕೂತಿದ್ದೆ.

ದೊಡ್ಡ ಸಾಹೇಬರು ಹೆಂಗಸು. ವಾಗ್ದೇವಿ ಮೇಡಂ ಎಂದು ಬೋರ್ಡಿತ್ತು. ಬಂದು ಎಲ್ಲ ಕೇಳಿದರು. ನನ್ನ ಕೈ, ಹುಚ್ಚಮ್ಮನ ಕೈ ಎರಡನ್ನೂ ಹಿಡಿದು ನೋಡಿದರು. ಆಮೇಲೆ ನಿಶಾಂತನ ಕಡೆಗೆ ತಿರುಗಿ, "ಬೆರಳು ಬರದಿದ್ರೆ ಪೇಪರ್ ಮೇಲೆ ಮಾಡೋಕೆ ಅವಕಾಶ ಇದೆಯಲ್ಲ ನಿಶಾಂತ್? ಒರಿಜಿನಲ್ ನೋಡಿ, ಫೋಟೋ ಅಂಟಿಸಿ, ಸಹಿ ತಗೊಂಡು?" ಎಂದು ಕೇಳಿದರು. ಅವನು, "ಇದೆ ಮೇಡಂ, ಆದ್ರೆ ಅದು ತುಂಬಾ ಉದ್ದ ಆಗುತ್ತೆ" ಎಂದ.

ಉದ್ದ ಆಗುತ್ತದಂತೆ! ಹುಚ್ಚಮ್ಮ ಅವನನ್ನು ನೋಡಿ, "ನಂಗೆ ಎಂತದೂ ಅರ್ಜೆಂಟಿಲ್ಲ ಮಗಾ" ಎಂದಳು. ಮೇಡಂಗೆ ನಗು ತಡೆಯಲಾಗಲಿಲ್ಲ.

ಏಳು ಕಡೆ ಸಹಿ. ನಾನು ಬೇಗ ಬೇಗ ಗೀಚಿ ಮುಗಿಸಿದೆ. ಹುಚ್ಚಮ್ಮ ಸೀರೆ ಸರಿಮಾಡಿಕೊಂಡು, ಕನ್ನಡಕ ಏರಿಸಿ, ಒಂದೊಂದು ಅಕ್ಷರವನ್ನೂ ದುಂಡಗೆ ಇಳಿಸಿದಳು. ಒತ್ತಕ್ಷರಕ್ಕೆ ಬಂದಾಗ ನಾಲಿಗೆ ಹೊರಗೆ ಬರುತ್ತಿತ್ತು. ಹಿಂದೆ ಸಾಲು ಬೆಳೆಯಿತು, ಯಾರೋ ಗೊಣಗಿದರು. ಅವಳು ತಲೆ ಎತ್ತಲಿಲ್ಲ. ಏಳನೆಯ ಸಹಿ ಮುಗಿದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಆ ಮೆಷಿನ್ನನ್ನು ಒಂದು ಬೆರಳಿನಿಂದ ನಿಶಾಂತನ ಕಡೆಗೆ ಹಿಂದಕ್ಕೆ ತಳ್ಳಿದಳು. ನನಗೆ ಅಲ್ಲೇ ಅಳು ಬಂತು. ಖುಷಿಯ ಅಳು, ತಡೆಯಲೂ ಇಲ್ಲ.

ಶುಕ್ರವಾರ ಪಾಸ್‌ಬುಕ್ಕಂತೆ. ಉಳಿದ ಒಂಬತ್ತು ಜನಕ್ಕೂ ಕೂಲಿ ನೇರ ಬೀಳುವ ಹಾಗೆ ಅವರವರ ಹೆಸರಲ್ಲಿ ಖಾತೆ ಮಾಡಿಸಿ, ಕರೆದುಕೊಂಡು ಬನ್ನಿ ಎಂದರು ಮೇಡಂ. "ಒಂಬತ್ತು ಜನ ಕೆಲ್ಸ ಬಿಟ್ಟು ಬರಕ್ಕಾಗದಿಲ್ಲ ಮೇಡಂ. ನೀವೇ ಒಂದಿನ ಕಣಕ್ಕೆ ಬನ್ನಿ, ಚಾ ಕೊಡ್ತೀವಿ" ಎಂದೆ. ಬರುತ್ತಾರಂತೆ.

ಮೂರೂವರೆ ಬಸ್ಸು ತಪ್ಪಿತು, ಅದೊಂದು ಬೇಜಾರು.

ನವೆಂಬರ್ 28, ಶುಕ್ರವಾರ

ಪಾಸ್‌ಬುಕ್ ಬಂತು! ಸಾಗರದಿಂದ ಬಂದು ಬಸ್ಸಿಳಿದವಳೇ ಸೊಸೈಟಿಗೆ ನಡೆದೆ. ಭಟ್ಟರು ತಿರುಗಿಸಿ ಮುರುಗಿಸಿ ನೋಡಿ, "ಒಂದಿನ ಮೊದ್ಲೇ ತಂದ್ರಲ್ಲ ಬಂಗಾರಮ್ಮ" ಎಂದರು. "ನಿಮ್ಮ ಕಮಿಟಿಯವ್ರು ತಡ ಮಾಡ್ಬಾರ್ದು ಅಂತ" ಎಂದೆ. ಸುಲಿತದ ಒಪ್ಪಂದ ಕೈಗೆ ಕೊಟ್ಟರು. ಓದಿದೆ. ಒಂದು ಕಡೆ ಕೆಲಸದ ಹೊತ್ತು ಬರೆದೇ ಇರಲಿಲ್ಲ, ಬರೆಸಿ ಆಮೇಲೆ ಸಹಿ ಹಾಕಿದೆ.

ಹುಚ್ಚಮ್ಮನ ಮನೆಯಲ್ಲಿ ಹನ್ನೊಂದು ಜನಕ್ಕೂ ಕೋಳಿ ಸಾರು, ಕಜ್ಜಾಯದ ಊಟ. ಹೊಟ್ಟೆ ಬಿರಿಯುವಷ್ಟು ತಿಂದು ಬರೆಯುತ್ತಿದ್ದೇನೆ, ಇಷ್ಟು ಸಾಕು.

ಡಿಸೆಂಬರ್ 3, ಬುಧವಾರ

ಸೊಸೈಟಿಯ ಕಣದಲ್ಲಿ ಮೂರನೇ ದಿನ. ಹುಚ್ಚಮ್ಮ ಎಲ್ಲರಿಗಿಂತ ಮುಂದೆ, ಬಾಗಿಲಿಗೆ ಎದುರಾಗಿ ಕೂತಿದ್ದಾಳೆ. ಅವಳ ಕೈ ನಿಧಾನ, ಬಾಯಿ ಅಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಗುತ್ಯಪ್ಪನ ಹೆಂಡತಿ ಚೌಡಮ್ಮ ಬಂದಳು. ಗಂಡನ ಕಣದಲ್ಲಿ ಇಪ್ಪತ್ತು ವರ್ಷ ಸುಲಿದವಳು. ಒಂದು ದಿನವೂ ಇದು ನಿನ್ನ ಪಾಲು ಎಂದು ಅವಳ ಕೈಗೆ ಯಾರೂ ಏನನ್ನೂ ಕೊಟ್ಟಿಲ್ಲ. ನಮ್ಮ ಸಂಘಕ್ಕೆ ಸೇರುತ್ತಾಳಂತೆ. "ಗುತ್ಯಪ್ಪಂಗೆ ಗೊತ್ತದ್ಯಾ?" ಎಂದು ಕೇಳಿದೆ. "ಗೊತ್ತಾಗ್ತದೆ" ಎಂದಳು. ಹನ್ನೊಂದೂ ಜನ ಮೆಟ್ಟುಗತ್ತಿ ಬಿಟ್ಟು ನಕ್ಕೆವು.

ಸೇರಬೇಕಾದರೆ ಅವಳ ಹೆಸರಲ್ಲೂ ಒಂದು ಖಾತೆ ಬೇಕು. ಬ್ಯಾಂಕು ಎಂದದ್ದೇ ಅವಳ ಮುಖ ಸಣ್ಣದಾಯಿತು. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಬ್ಯಾಂಕಂದ್ರೆ ನಂಗೆ ಎದೆ ಡವಡವ ಅಂತದೆ. ಅಲ್ಲಿ ಹೋಗಿ ಎಂತ ಮಾತಾಡದು ಅಂತಾನೇ ಗೊತ್ತಾಗದಿಲ್ಲ" ಎಂದಳು.

ಹೇಗೆ ಸಮಾಧಾನ ಮಾಡುವುದೋ ನನಗೆ ತಿಳಿಯಲಿಲ್ಲ. ಬ್ಯಾಂಕಿಗೆ ಹೆದರುವವರೂ ಇರುತ್ತಾರಲ್ಲ! ಬ್ಯಾಂಕಿನವರೂ ನಮ್ಮ ಹಾಗೆ ಬೆಳಿಗ್ಗೆ ಬಂದು, ಕೂತು, ಸಂಜೆ ಬೆನ್ನು ನೋವು ಎನ್ನುತ್ತಾ ಮನೆಗೆ ಹೋಗುವವರೇ. ಮೇಡಂ ಕಣಕ್ಕೆ ಬರುವ ತನಕ ಕಾಯುವುದು ಬೇಡ, ನಾಳೆ ಹತ್ತು ಗಂಟೆಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ. ಕೈ ತೊಳೆದುಕೊಂಡು ಬರಲೇ ಎಂದು ಕೇಳಿದಳು. ಹಾಗೇ ಬಾ ಎಂದಿದ್ದೇನೆ. ಮೆಷಿನ್ನು ಒಪ್ಪದಿದ್ದರೆ ಅದು ಮೆಷಿನ್ನಿನ ಕರ್ಮ.